ಗೋಡೆ ಮೇಲಿನ ಫೋಟೋ, ಮನೆಯ ರೇಟು



ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತಾದಾಗ ಓದಿ, ಆದರೆ ಪೂರ್ತಿ ಓದಿ. ಭೂಮಿ, ಮೀಸಲಾತಿ, ಹಾಸ್ಟೆಲ್ ಸಮಸ್ಯೆ ಅಂತ ಬರೆಯೋನು ಇವತ್ತು ಮನೆ ಮಾರೋ ಬಗ್ಗೆ ಯಾಕೆ ಬರೀತಿದ್ದಾನೆ ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮ ಹಿಂದಿನ ತಲೆಮಾರಿನವರು ಹೊಟ್ಟೆ ಬಟ್ಟೆ ಕಟ್ಟಿ ಪೇಟೆಗಳಲ್ಲಿ ಒಂದೊಂದು ಮನೆ ಮಾಡಿಟ್ಟರು. ಅಪ್ಪಂದಿರು ತೀರಿಕೊಂಡು, ಮಕ್ಕಳು ಬೇರೆ ಊರಲ್ಲಿ ನೆಲೆಸಿ, ಆ ಮನೆಗಳು ಈಗ ಮಾರಾಟಕ್ಕೆ ಬರ್ತಾ ಇವೆ. ಆ ಮಾರಾಟದಲ್ಲಿ ಲಕ್ಷಗಟ್ಟಲೆ ದುಡ್ಡು ಸದ್ದಿಲ್ಲದೆ ನಮ್ಮ ಕೈ ಜಾರಿ ಹೋಗ್ತಾ ಇದೆ. ಇದರ ಬಗ್ಗೆ ನಾವು ಒಂದು ಸಭೆಯಲ್ಲೂ ಮಾತಾಡಿದ್ದು ನನಗೆ ನೆನಪಿಲ್ಲ.

ನಮ್ಮ ಮನೆ ಕಥೆಯಿಂದಲೇ ಶುರು ಮಾಡ್ತೀನಿ.

ನಮ್ಮಪ್ಪ ಸರ್ಕಾರಿ ಕಚೇರಿಯಲ್ಲಿ ಡಿ ಗ್ರೂಪ್ ನೌಕರ. 1994ರಲ್ಲಿ ಜಿಲ್ಲಾ ಕೇಂದ್ರದ ಒಂದು ಖಾಸಗಿ ಲೇಔಟಿನಲ್ಲಿ 30-40 ಸೈಟು ತಗೊಂಡ್ರು. ಪಿ.ಎಫ್. ಸಾಲ, ಬ್ಯಾಂಕ್ ಸಾಲ ಎಲ್ಲಾ ಸೇರಿಸಿ 1998ರಲ್ಲಿ ಮನೆ ಆಯ್ತು. ಆ ರಸ್ತೇಲಿ ನಮ್ಮ ಜನದ ಮನೆ ಅದೊಂದೇ. ಗೇಟಿನ ಮೇಲೆ 'ಭೀಮ ನಿಲಯ' ಅಂತ ಬೋರ್ಡು, ಹಾಲಲ್ಲಿ ಬಾಬಾಸಾಹೇಬರ ದೊಡ್ಡ ಫೋಟೋ. ಅಪ್ಪ ಹೋದಮೇಲೆ ಅಮ್ಮ ಒಬ್ಬಳೇ ಅಲ್ಲಿರೋಕೆ ಆಗಲಿಲ್ಲ, ನನ್ನ ಜೊತೆ ಬಂದಳು. ತಂಗಿ ಮಗಳಿಗೆ ಕಾಲೇಜು ಸೀಟು ಸಿಕ್ಕಿತ್ತು, ಫೀಸಿಗೆ ದುಡ್ಡು ಬೇಕಿತ್ತು. ಮಾರಿ ಮೂರು ಪಾಲು ಮಾಡೋಣ ಅಂತ ತೀರ್ಮಾನ ಆಯ್ತು.

ಬ್ರೋಕರ್ ಬಂದ. ಮನೆಯೆಲ್ಲಾ ಸುತ್ತಾಡಿ ನೋಡಿದ. ಮುಂದಿನ ಗೋಡೆಗೆ ಬಣ್ಣ ಹೊಡೆಸಿ, ಟ್ಯಾಂಕ್ ಸೋರೋದು ನಿಲ್ಲಿಸಿ, ಬಾತ್‌ರೂಮ್ ಬಾಗಿಲು ಬದಲಾಯಿಸಿ ಅಂದ. ಎಲ್ಲಾ ನ್ಯಾಯವಾದ ಮಾತೇ. ಹೊರಡುವಾಗ ದನಿ ತಗ್ಗಿಸಿ ಹೇಳಿದ: "ಸಾರ್, ತಪ್ಪು ತಿಳ್ಕೋಬೇಡಿ. ಆ ಫೋಟೋ ಒಂದು ಒಳಗಿಡಿ. ಗೇಟಿನ ಬೋರ್ಡೂ ತೆಗೆದ್ರೆ ಒಳ್ಳೇದು. ನಂಗೇನಿಲ್ಲ ಸಾರ್, ಬರೋ ಪಾರ್ಟಿ ಹೆಂಗೆಂಗಿರ್ತಾರೋ."

ನಾನು ತೆಗೆಯಲಿಲ್ಲ. ಮೊದಲನೇ ಪಾರ್ಟಿ ಗಂಡ ಹೆಂಡತಿ ಬಂದ್ರು. ಮನೆ ಇಷ್ಟ ಆಯ್ತು. ನಾವು 62 ಲಕ್ಷ ಹೇಳಿದ್ವಿ, ಅವರು ಮಾತಾಡ್ತಾ ಮಾತಾಡ್ತಾ 58ರ ತನಕ ಬಂದ್ರು. ಆಮೇಲೆ ಒಳಗೆ ಬಂದು ಹಾಲಲ್ಲಿ ಕೂತರು. ಆಯಮ್ಮ ಫೋಟೋ ನೋಡಿದ್ದು ನಾನೂ ನೋಡಿದೆ. ಕೊಟ್ಟ ನೀರು ಕುಡೀಲಿಲ್ಲ. ಮಾರನೇ ದಿನ ಬ್ರೋಕರ್ ಫೋನು: "48 ಆದ್ರೆ ನೋಡ್ತಾರಂತೆ ಸಾರ್. ಹೋಮ, ಶಾಂತಿ ಎಲ್ಲಾ ಮಾಡಿಸ್ಬೇಕಂತೆ."

ಹತ್ತು ಲಕ್ಷದ ಹೋಮ! ಎಷ್ಟು ಟಿನ್ನು ತುಪ್ಪ ಸುರೀತಾರೋ ದೇವರೇ ಬಲ್ಲ.

ಈಗ ಹೇಳೋದು ನನಗೆ ಹೆಮ್ಮೆಯ ವಿಷಯ ಅಲ್ಲ. ಎರಡನೇ ಪಾರ್ಟಿ ಬರೋ ದಿನ ನಾನು ಫೋಟೋ ತೆಗೆದೆ. ಇಪ್ಪತ್ತು ವರ್ಷದಿಂದ ಏಪ್ರಿಲ್ 14ಕ್ಕೆ ಮೈಕ್ ಹಿಡಿದು ಭಾಷಣ ಮಾಡೋ ನಾನೇ ತೆಗೆದೆ. ಬೆಡ್‌ಶೀಟಲ್ಲಿ ಸುತ್ತಿ ಮಂಚದ ಕೆಳಗಿಟ್ಟೆ. ಗೋಡೆ ಮೇಲೆ ಅದಿದ್ದ ಜಾಗ ಮಾತ್ರ ಚೌಕಾಕಾರವಾಗಿ ಬೆಳ್ಳಗೆ ಎದ್ದು ಕಾಣ್ತಿತ್ತು. ಅಮ್ಮ ಬೈಯಲಿಲ್ಲ. "ನಿಮ್ಮಪ್ಪ ಈ ಮನೇಲಿ ಮೊದಲು ಹೊಡೆದ ಮೊಳೆ ಅದು" ಅಂದಳು, ಅಷ್ಟೇ. ಒಳಗೆ ಹೋದಳು.

ಬಂದವರಿಗೆ ಗೊತ್ತಾಗದೆ ಇತ್ತಾ? "ನಿಮ್ಮ ಮನೆದೇವರು ಯಾವುದು? ಯಾವ ಕಡೆಯವರು?" ಅಂತ ಎರಡು ಪ್ರಶ್ನೆ ಕೇಳಿದರು. ಪಕ್ಕದ ಮನೇಲಿ ವಿಚಾರಿಸಿದರು. ಅವರೂ ಐವತ್ತರ ಒಳಗೇ ನಿಂತರು. ಫೋಟೋ ತೆಗೆದದ್ದಕ್ಕೆ ಒಂದು ರೂಪಾಯಿ ಜಾಸ್ತಿ ಬರಲಿಲ್ಲ. ಅವತ್ತು ಸಂಜೆ ಅದೇ ಮೊಳೆಗೆ ವಾಪಸ್ ಹಾಕಿದೆ.

ಆ ರಾತ್ರಿ ನೆನಪಾದದ್ದು ಬಾಬಾಸಾಹೇಬರ ಬರೋಡಾ ದಿನಗಳು. ಅಮೆರಿಕ, ಲಂಡನ್‌ನಲ್ಲಿ ಓದಿ ಬಂದ ಮನುಷ್ಯನಿಗೆ 1917ರಲ್ಲಿ ಬರೋಡಾದಲ್ಲಿ ಇರೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಹೆಸರು ಮುಚ್ಚಿಟ್ಟರೂ ಅವರಿಗೆ ಆ ಕೋಣೆ ಉಳಿಯಲಿಲ್ಲ. ಅದೇ ಮನುಷ್ಯ ಮುಂದೆ ಮುಂಬೈನ ದಾದರ್‌ನಲ್ಲಿ ತನ್ನ ಪುಸ್ತಕಗಳಿಗೆ ಜಾಗ ಆಗೋ ಹಾಗೆ ರಾಜಗೃಹ ಕಟ್ಟಿಸಿದರು.

ಕಾನೂನು ಇಲ್ವಾ ಅಂತ ಕೇಳ್ತೀರಿ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ರಸ್ತೆಗಳಲ್ಲಿ ಭೇದ ಮಾಡಬಾರದು ಅನ್ನುತ್ತೆ. ಆದರೆ ಒಬ್ಬ ಖಾಸಗಿ ಮನುಷ್ಯ ಬಂದು "ನಿಮ್ಮ ಮನೆಗೆ ಹತ್ತು ಲಕ್ಷ ಕಡಿಮೆ ಕೊಡ್ತೀನಿ" ಅಂದ್ರೆ ಯಾವ ಸ್ಟೇಷನ್‌ಗೆ ಹೋಗ್ತೀರಿ? ಅವನು ಜಾತಿ ಹೆಸರೇ ಎತ್ತಿರಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹ ನಿರ್ಮಾಣ ಸಹಕಾರ ಸಂಘದ ಕೇಸಿನಲ್ಲಿ ಸುಪ್ರೀಂ ಕೋರ್ಟು, ಸಂಘವು ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗಷ್ಟೇ ಇಟ್ಟುಕೊಳ್ಳಬಹುದು, ಸದಸ್ಯನು ಹೊರಗಿನವರಿಗೆ ಆಸ್ತಿ ಮಾರೋದಕ್ಕೆ ತಡೆ ಹಾಕಬಹುದು ಅಂತ ಎತ್ತಿಹಿಡಿಯಿತು. ಅಂದ್ರೆ ಮನೆಯ ಮಾರುಕಟ್ಟೆ ಅನ್ನೋದು ಎಲ್ಲರಿಗೂ ತೆರೆದ ಬಾಗಿಲಲ್ಲ. ಕೋರ್ಟು ಬಂದು ನಮ್ಮ ರೇಟು ಸರಿಮಾಡುತ್ತೆ ಅಂತ ಕಾಯೋಕಾಗಲ್ಲ.

ಹಾಗಾದ್ರೆ ಮಾಡೋದೇನು? ಆ ಹತ್ತು ಲಕ್ಷ ನಮ್ಮಿಂದ ಹೇಗೆ ಕಿತ್ಕೊಳ್ತಾರೆ ಅಂತ ಯೋಚನೆ ಮಾಡಿದೆ. ಕೊಳ್ಳೋನ ಮನಸ್ಸಲ್ಲಿರೋ ಜಾತಿ ನನ್ನ ಕೈಲಿಲ್ಲ. ಆದರೆ ಅವನು ಅದನ್ನ ದುಡ್ಡು ಮಾಡ್ಕೊಳ್ಳೋದು ನನ್ನ ಅರ್ಜೆಂಟಿನಿಂದ. ನನಗೆ ಮುಂದಿನ ತಿಂಗಳೇ ದುಡ್ಡು ಬೇಕು ಅಂತ ಅವನಿಗೆ ಗೊತ್ತು. ಬೇರೆಯವರಿಗೆ ಹತ್ತು ಗಿರಾಕಿ ಬಂದ್ರೆ ನನಗೆ ನಾಲ್ಕು ಬರ್ತಾರೆ. ನಾಲ್ಕರಲ್ಲಿ ಒಬ್ಬ ನೆಟ್ಟಗಿರೋನು ಸಿಗೋ ತನಕ ಕಾಯೋಕಾದ್ರೆ ನಾನು ಗೆದ್ದೆ, ಆಗದಿದ್ರೆ ಸೋತೆ. ಇಡೀ ಪೋಸ್ಟಿನ ಸಾರ ಇಷ್ಟೇ: ಫೋಟೋ ಇಳಿಸಬೇಡಿ, ಅರ್ಜೆಂಟು ಇಳಿಸಿ.

ಅದು ಹೇಗೆ ಅಂತ ನಾನು ಕಲಿತದ್ದನ್ನ ಹೇಳ್ತೀನಿ. ಗುಮಾಸ್ತಗಿರಿ ಮಾಡೋನು, ಕಾಗದದ ಬೆಲೆ ಸ್ವಲ್ಪ ಗೊತ್ತು.

ಮೊದಲು ತಯಾರಿ. ಬಣ್ಣಕ್ಕಿಂತ ಮುಂಚೆ ಫೈಲು. ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳು, ಇವತ್ತಿನ ತನಕದ ಇ.ಸಿ., ಕಟ್ಟಿದ ಕಂದಾಯದ ರಸೀದಿ, ಮನೆ ಪ್ಲಾನು, ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ. 2024ರ ಅಕ್ಟೋಬರ್‌ನಿಂದ ನಮ್ಮ ರಾಜ್ಯದಲ್ಲಿ ಇ-ಖಾತೆ ಇಲ್ಲದೆ ನೋಂದಣಿ ಆಗಲ್ಲ. ತುಂಬಾ ಮನೆಗಳ ಖಾತೆ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆ. ಅಡ್ವಾನ್ಸು ತಗೊಂಡ ಮೇಲೆ ಖಾತೆಗೆ ಓಡಾಡೋಕೆ ಶುರು ಮಾಡಿದ್ರೆ ಕೊಳ್ಳೋನಿಗೆ ರೇಟು ಇಳಿಸೋಕೆ ನೀವೇ ಏಣಿ ಹಾಕಿಕೊಟ್ಟ ಹಾಗೆ. ಮಾರೋ ಯೋಚನೆ ಬಂದ ದಿನವೇ ಖಾತೆ ಬದಲಾವಣೆಗೆ ಅರ್ಜಿ ಹಾಕಿ.

ಮನೆ ಅಪ್ಪನ ಸ್ವಂತ ದುಡಿಮೆಯದು, ಉಯಿಲು ಬರೆದಿಲ್ಲ ಅಂದ್ರೆ ಅಮ್ಮನಿಗೆ, ಗಂಡು ಮಕ್ಕಳಿಗೆ, ಹೆಣ್ಣು ಮಕ್ಕಳಿಗೆ ಎಲ್ಲರಿಗೂ ಸಮಪಾಲು. ಅಕ್ಕತಂಗಿಯರ ಹತ್ತಿರ ಸೀರೆ, ಬಳೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳೋ ಚಾಳಿ ನಮ್ಮಲ್ಲೂ ಇದೆ. ಸಮಾನತೆ ಭಾಷಣ ಮಾಡೋ ಗೆಳೆಯರ ಮನೇಲೂ ನೋಡಿದ್ದೀನಿ. ಕೊಳ್ಳೋನು ಪಾಲು ಕದ್ದ ಅಂತ ಬೈಯೋ ಮುಂಚೆ ನಾವು ಕದೀಬಾರದು.

ಇನ್ನು ಪಿಟಿಸಿಎಲ್. ನಮ್ಮ ಮನೆಗೆ ಬಂದ ಮೂರನೇ ಪಾರ್ಟಿಯ ವಕೀಲರು "ಎಸ್ಸಿ ಆಸ್ತಿ, ಸರ್ಕಾರದ ಪರ್ಮಿಷನ್ ಬೇಕು, ಮುಂದೆ ಕೇಸಾಗುತ್ತೆ" ಅಂತ ಹೇಳಿ ಐದು ಲಕ್ಷ ಇಳಿಸೋಕೆ ನೋಡಿದ್ರು. ಸ್ನೇಹಿತರೇ, ಇದನ್ನ ಸರಿಯಾಗಿ ತಿಳ್ಕೊಳ್ಳಿ. 1978ರ ಕಾಯ್ದೆ ಇರೋದು ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನಿಗೆ. ಅಂಥ ಜಮೀನು ಪರಭಾರೆ ಆಗಬೇಕಾದ್ರೆ ಸರ್ಕಾರದ ಪೂರ್ವಾನುಮತಿ ಬೇಕು. ನಮ್ಮಪ್ಪ ಸಂಬಳದ ದುಡ್ಡಲ್ಲಿ ಖಾಸಗಿಯವರಿಂದ ಕೊಂಡ ಸೈಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಮಾರೋನ ಜಾತಿ ನೋಡಿ ಆ ಕಾಯ್ದೆ ಅಂಟಿಕೊಳ್ಳಲ್ಲ, ಜಮೀನಿನ ಮೂಲ ನೋಡಿ ಅಂಟಿಕೊಳ್ಳುತ್ತೆ. ಮೂಲಪತ್ರ ಮುಂದಿಟ್ಟ ಮೇಲೆ ವಕೀಲರು ಸುಮ್ಮನಾದ್ರು.

ಹಾಗಂತ ಕಾಯ್ದೆನೇ ಬೈಯಬೇಡಿ. ದೇವರಾಜ ಅರಸು ಕಾಲದ ಆ ಕಾಯ್ದೆ ಇಲ್ಲದಿದ್ರೆ ನಮ್ಮವರ ಕೈಲಿ ಒಂದು ಗುಂಟೆನೂ ಉಳೀತಿರಲಿಲ್ಲ. ತಡವಾಗಿ ಬಂದ್ರಿ ಅಂತ ಕೋರ್ಟುಗಳಲ್ಲಿ ನಮ್ಮ ಅರ್ಜಿಗಳು ಬಿದ್ದುಹೋಗ್ತಿದ್ದಾಗ ಹೋರಾಟ ಮಾಡಿ 2023ರಲ್ಲಿ ಕಾಲಮಿತಿ ಇಲ್ಲ ಅನ್ನೋ ತಿದ್ದುಪಡಿ ತಂದದ್ದು ನಾವೇ. ನಿಮ್ಮದು ಮಂಜೂರಾದ ಜಾಗ, ಅಥವಾ ಆಶ್ರಯ ಮನೆ ಆಗಿದ್ರೆ ಹಕ್ಕುಪತ್ರದ ಷರತ್ತುಗಳನ್ನ ಒಂದೊಂದೇ ಓದಿ. ಎಷ್ಟು ವರ್ಷ ಮಾರೋ ಹಾಗಿಲ್ಲ ಅನ್ನೋದು ಅದರಲ್ಲೇ ಇರುತ್ತೆ. ಜಿಪಿಎ ಮಾಡಿಕೊಡಿ ಸಾಕು ಅನ್ನೋನ ಮಾತು ಕೇಳಬೇಡಿ. ಜಿಪಿಎ ಮೇಲಿನ ಮಾರಾಟ ಮಾರಾಟವೇ ಅಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಎರಡನೇದು ರೇಟು. ಬ್ರೋಕರ್ ಹೇಳಿದ್ದೇ ರೇಟಲ್ಲ. ಸರ್ಕಾರದ ಮಾರ್ಗಸೂಚಿ ದರ, ಅದೇ ಗೈಡೆನ್ಸ್ ವ್ಯಾಲ್ಯೂ, ಯಾರು ಬೇಕಾದ್ರೂ ನೋಡಬಹುದು. ಅದು ತಳ, ಅದಕ್ಕಿಂತ ಕೆಳಗೆ ಮಾತೇ ಬೇಡ. ಆಮೇಲೆ ನಿಮ್ಮ ರಸ್ತೇಲಿ ಹಿಂದಿನ ಒಂದೆರಡು ವರ್ಷದಲ್ಲಿ ಮಾರಾಟವಾದ ಮನೆಗಳ ಇ.ಸಿ. ತೆಗೆಸಿ, ನೋಂದಣಿಯಾದ ಮೊತ್ತ ಅದರಲ್ಲಿರುತ್ತೆ. ಶುಲ್ಕ ಕಟ್ಟಿದ್ರೆ ನೋಂದಾಯಿತ ಪತ್ರದ ನಕಲೂ ಸಿಗುತ್ತೆ. ಕಾಗದದಲ್ಲಿ ಕಡಿಮೆ ತೋರಿಸಿರೋ ಸಾಧ್ಯತೆ ಇರೋದ್ರಿಂದ ನಿಜವಾದ ರೇಟು ಅದಕ್ಕಿಂತ ಮೇಲೇ ಇರುತ್ತೆ ಅಂತ ಇಟ್ಕೊಳ್ಳಿ. ನಮ್ಮ ಮನೆಯಿಂದ ನಾಲ್ಕನೇ ಮನೆ, ಅಷ್ಟೇ ಅಳತೆ, ಅಷ್ಟೇ ಹಳೇದು, 60 ಲಕ್ಷಕ್ಕೆ ನೋಂದಣಿ ಆಗಿತ್ತು. ಆ ಕಾಗದ ನನ್ನ ಜೇಬಲ್ಲಿ ಇದ್ದದ್ದಕ್ಕೇ 48 ಅಂದವನ ಮುಖ ನೋಡಿ "ಆಗಲ್ಲ" ಅನ್ನೋಕೆ ಧೈರ್ಯ ಬಂತು.

ಅರ್ಧ ಬ್ಲಾಕು ಅರ್ಧ ವೈಟು ಅನ್ನೋ ಆಸೆಗೂ ಬೀಳಬೇಡಿ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಮೇಲೆ ನಗದು ತಗೊಂಡ್ರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ತಗೊಂಡವರ ಮೇಲೆ. 50 ಲಕ್ಷ ಅಥವಾ ಮೇಲಾದ್ರೆ ಕೊಳ್ಳೋರು ಶೇ. 1 ಟಿಡಿಎಸ್ ಹಿಡಿದು ನಿಮ್ಮ ಪ್ಯಾನ್ ನಂಬರಿಗೆ ಕಟ್ಟಬೇಕು. ಅದು ರೇಟಿನಲ್ಲಿ ಕಡಿತ ಅಲ್ಲ, ರಿಟರ್ನ್ಸ್ ಹಾಕುವಾಗ ನಿಮ್ಮ ತೆರಿಗೆಗೆ ಜಮಾ ಆಗುತ್ತೆ. ಬಂದ ಲಾಭವನ್ನ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳೋಕೆ, ಇಲ್ಲಾ ಮೂರು ವರ್ಷದೊಳಗೆ ಕಟ್ಟೋಕೆ ಹಾಕಿದ್ರೆ ತೆರಿಗೆ ವಿನಾಯಿತಿ ಇದೆ. ಒಬ್ಬ ಆಡಿಟರ್ ಹತ್ತಿರ ಒಂದು ಸಾವಿರ ಕೊಟ್ಟು ಕೇಳಿ, ನಷ್ಟ ಇಲ್ಲ.

ಮೂರನೇದು ಸಮಯ. ನನ್ನ ಪ್ರಕಾರ ನಮ್ಮವರು ಸೋಲೋದು ಇಲ್ಲೇ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ತುಂಬಾ ಜನ ಮನೆ ಕೊಳ್ಳಲ್ಲ. ಯುಗಾದಿಯಿಂದ ಸ್ಕೂಲು ಶುರುವಾಗೋ ತನಕ ಓಡಾಟ ಜಾಸ್ತಿ. ನಾವು ಪಂಚಾಂಗ ನಂಬದೇ ಇರಬಹುದು, ಗಿರಾಕಿ ನಂಬ್ತಾನೆ. ಆಷಾಢದಲ್ಲಿ ಮನೆ ಮಾರಾಟಕ್ಕೆ ಇಟ್ಟೋನು ಕಷ್ಟದಲ್ಲಿದ್ದಾನೆ ಅಂತ ಬ್ರೋಕರ್‌ಗೆ ಚೆನ್ನಾಗಿ ಗೊತ್ತು. ನಾನು ಮಾಡಿದ್ದೂ ಅದೇ ತಪ್ಪು. ಫೀಸು ಕಟ್ಟೋ ಗಡುವು ತಲೆ ಮೇಲಿತ್ತು, ಆಷಾಢದಲ್ಲೇ ಮಾರಾಟಕ್ಕಿದೆ ಅಂತ ಬೋರ್ಡು ಹಾಕಿದೆ. ಅದರ ಮೇಲೆ ಬಾಯಿ ಬಿಟ್ಟು "ಮಗು ಫೀಸಿಗೆ ಬೇಕು" ಅಂತ ಬ್ರೋಕರ್ ಹತ್ತಿರ ಹೇಳಿಬಿಟ್ಟೆ. ಯಾಕೆ ಮಾರ್ತಿದ್ದೀರಿ ಅಂತ ಯಾರು ಕೇಳಿದ್ರೂ ಉತ್ತರ ಒಂದೇ ಇರಲಿ: ಒಳ್ಳೇ ರೇಟು ಬಂದ್ರೆ ಮಾರ್ತೀವಿ, ಇಲ್ಲದಿದ್ರೆ ಬಾಡಿಗೆಗೆ ಕೊಡ್ತೀವಿ.

ಎರಡು ಪಾರ್ಟಿ ಬಂದು ಹೋದಮೇಲೆ ಬೋರ್ಡು ಇಳಿಸಿದೆ. ನೌಕರರ ಪತ್ತಿನ ಸಹಕಾರ ಸಂಘದಲ್ಲಿ 2 ಲಕ್ಷ ಸಾಲ ಮಾಡಿ ಫೀಸು ಕಟ್ಟಿದ್ವಿ. ಖಾತೆ ಸರಿಮಾಡಿಸಿದೆ, ಮಳೆ ನಿಂತಮೇಲೆ ಸೋರೋದು ಮುಚ್ಚಿಸಿ ಬಣ್ಣ ಹೊಡೆಸಿದೆ. ಹಾಲಿನ ಗೋಡೆಗೆ ಬಣ್ಣ ಹೊಡೆಯುವಾಗ ಫೋಟೋ ಇಳಿಸಿ, ಒಣಗಿದ ಮೇಲೆ ಮತ್ತೆ ಅದೇ ಮೊಳೆಗೆ ಹಾಕಿದ್ವಿ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಬೋರ್ಡು. ಆ ಪಿಟಿಸಿಎಲ್ ವಕೀಲರ ಪಾರ್ಟಿ ಬಂದದ್ದು ಆಗಲೇ, ಅವರು ಕೊನೆಗೂ ತಗೊಳ್ಳಲಿಲ್ಲ. ಯುಗಾದಿ ಆದಮೇಲೆ ಐದನೇ ಪಾರ್ಟಿಗೆ 57 ಲಕ್ಷಕ್ಕೆ ನೋಂದಣಿ ಆಯ್ತು. ಅವರು ನಮ್ಮ ಮನೇಲಿ ಕಾಫಿ ಕುಡಿದರು, ಫೋಟೋ ಕಡೆ ನೋಡಿದರು, ಬೋರ್‌ವೆಲ್ ಬಗ್ಗೆ ಕೇಳಿದರು. ಅವರು ಯಾವ ಜಾತಿ ಅಂತ ಇಲ್ಲಿ ಬರೆಯಲ್ಲ.

ಲೆಕ್ಕ ನೋಡಿ. ಒಂಬತ್ತು ತಿಂಗಳು ಕಾಯೋಕೆ ನನಗೆ ಆದ ಬಡ್ಡಿ 18 ಸಾವಿರ. ಕಾದದ್ದಕ್ಕೆ ಸಿಕ್ಕಿದ್ದು 9 ಲಕ್ಷ. ಹಾಗಿದ್ರೂ ನಾಲ್ಕನೇ ಮನೆಗಿಂತ 3 ಲಕ್ಷ ಕಡಿಮೆ. ಅದು ಚೌಕಾಸಿಯೋ ಜಾತಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಪೂರ್ತಿ ಗೆದ್ದೆ ಅಂತ ಹೇಳ್ತಿಲ್ಲ.

ನಂಗೆ ಸಂಬಳ ಇತ್ತು, ಸಾಲ ಹುಟ್ಟಿತು. ಕೂಲಿ ಮಾಡೋನಿಗೆ, ಆಸ್ಪತ್ರೆ ಬಿಲ್ಲು ಕೈಯಲ್ಲಿ ಹಿಡ್ಕೊಂಡು ನಿಂತಿರೋಳಿಗೆ ಯಾರು ಕೊಡ್ತಾರೆ? ಕೇರಿಯೊಳಗಿನ ಮನೆ ಕಥೆ ಇನ್ನೂ ಕಷ್ಟ. ಅಲ್ಲಿ ಎಷ್ಟೋ ಮನೆಗೆ ಹಕ್ಕುಪತ್ರವೇ ಇಲ್ಲ, ಕೊಳ್ಳೋಕೆ ಬರೋರೂ ನಮ್ಮವರೇ, ಅವರ ಕೈಲೂ ದುಡ್ಡಿಲ್ಲ. ಬ್ಯಾಂಕು ಸಾಲವೂ ಕೊಡಲ್ಲ.

ಕೆಲವು ಗೆಳೆಯರು ಹೇಳ್ತಾರೆ, "ನಮ್ಮ ಆಸ್ತಿ ನಮ್ಮವರಿಗೇ ಮಾರಬೇಕು, ಹೊರಗೆ ಹೋಗಬಾರದು." ಭಾವನೆ ಅರ್ಥ ಆಗುತ್ತೆ. ಒಬ್ಬ ಗಿರಾಕಿ ಸಿಕ್ಕಿ ಸರಿಯಾದ ರೇಟು ಕೊಟ್ರೆ ಸಂತೋಷ, ಮೊದಲು ಅವರಿಗೇ ಕೇಳಿ. ಆದರೆ ಅದನ್ನೇ ನಿಯಮ ಮಾಡಿದ್ರೆ ಇರೋ ನಾಲ್ಕು ಗಿರಾಕಿ ಒಂದಾಗ್ತಾರೆ, ಮಾರೋ ವಿಧವೆ ತಾಯಿಗೆ ಇನ್ನೂ ನಷ್ಟ. ಲೇಔಟಿನವರು ನಮಗೆ ಹಾಕೋ ಬೇಲಿಯನ್ನ ನಾವೇ ನಮ್ಮ ಸುತ್ತ ಹಾಕ್ಕೊಂಡ ಹಾಗಾಗುತ್ತೆ.

ಇನ್ನು ಕೆಲವರು, "ಫೋಟೋ ತೆಗೆದ್ರೇನು, ದುಡ್ಡು ಮುಖ್ಯ" ಅಂತಾರೆ. ಕಷ್ಟದಲ್ಲಿ ತೆಗೆದವರನ್ನ ನಾನು ಖಂಡಿತ ದೂರಲ್ಲ, ನಾನೇ ತೆಗೆದಿದ್ದೀನಿ. ನನ್ನ ಅನುಭವ ಇಷ್ಟೇ: ದುಡ್ಡೂ ಬರಲಿಲ್ಲ, ಅಮ್ಮನ ಮುಖ ನೋಡೋಕೂ ಆಗಲಿಲ್ಲ. ಫೋಟೋ ಇದ್ರೆ ಇನ್ನೊಂದು ಅನುಕೂಲನೂ ಇದೆ. ವಾಪಸ್ ಹೋಗೋನು ಮೊದಲನೇ ದಿನವೇ ಹೋಗ್ತಾನೆ. ಅಡ್ವಾನ್ಸು ಕೊಟ್ಟು ಎರಡು ತಿಂಗಳು ಕಾಯಿಸಿ ಆಮೇಲೆ ಕೈ ಕೊಡಲ್ಲ.

ಸಂಘಟನೆಗಳಿಗೆ ನನ್ನದು ಎರಡು ಬೇಡಿಕೆ. ಒಂದು, ಈ ಸಲ ಜಯಂತಿಗೆ ಒಂದು ಫ್ಲೆಕ್ಸ್ ಕಡಿಮೆ ಮಾಡಿ, ಅದರ ದುಡ್ಡಲ್ಲಿ ಒಂದು ಭಾನುವಾರ ದಾಖಲೆ ಶಿಬಿರ ಮಾಡೋಣ. ಮನೆ ಕಾಗದ ತನ್ನಿ ಅಂತ ಜನರಿಗೆ ಹೇಳೋಣ. ಖಾತೆ ಯಾರ ಹೆಸರಲ್ಲಿದೆ, ಹಕ್ಕುಪತ್ರ ಇದೆಯಾ, ಮಂಜೂರಾದ ಜಾಗವೋ ಕೊಂಡಿದ್ದೋ, ಏನು ಕೊರತೆ ಅಂತ ಪಟ್ಟಿ ಮಾಡಿಕೊಡೋಣ. ನಮ್ಮಲ್ಲಿ ವಕೀಲರಿದ್ದಾರೆ, ಕಂದಾಯ ಇಲಾಖೆ ನೌಕರರಿದ್ದಾರೆ, ನನ್ನಂಥ ಗುಮಾಸ್ತರು ಇದ್ದೇ ಇದ್ದೀವಿ. ಎರಡು, ಸಂಬಳ ತಗೊಳ್ಳೋ ನಾವೆಲ್ಲಾ ತಿಂಗಳಿಗೆ ಇಷ್ಟು ಅಂತ ಹಾಕಿ, ಕಾನೂನು ಪ್ರಕಾರ ನೋಂದಣಿ ಮಾಡಿದ ಒಂದು ಸಹಕಾರ ಸಂಘ ಕಟ್ಟೋಣ. ಸರಿಯಾದ ಗಿರಾಕಿ ಸಿಗೋ ತನಕ ಆ ಮನೆಯವರು ಕಾಯೋಕೆ ಆಗೋ ಹಾಗೆ ಒಂದು ಲಕ್ಷ, ಎರಡು ಲಕ್ಷ ಕೈಸಾಲ ಕೊಡೋಣ. ಮನೆ ಮಾರಿದ ದಿನ ವಾಪಸ್ ಕಟ್ತಾರೆ. ನನ್ನ ಪಾಲಿಗೆ ಬಂದದ್ದರಲ್ಲಿ 25 ಸಾವಿರ ಇದಕ್ಕೆ ಎತ್ತಿಟ್ಟಿದ್ದೀನಿ.

ಕೀಲಿ ಕೊಡೋ ದಿನ ಫೋಟೋನೂ ಗೇಟಿನ ಬೋರ್ಡನ್ನೂ ಬಿಚ್ಚಿ ತಂದ್ವಿ. ಫೋಟೋ ಈಗ ನಮ್ಮ ಬಾಡಿಗೆ ಮನೆ ಹಾಲಲ್ಲಿದೆ. ಬೋರ್ಡು ಅಮ್ಮನ ಪೆಟ್ಟಿಗೆ ಮೇಲಿದೆ, ಮುಂದಿನ ಮನೆ ಆಗೋ ತನಕ ಅಲ್ಲೇ ಇರುತ್ತೆ.

ನಿಮ್ಮ ಮನೆ ಮಾರುವಾಗಲೂ ಹೀಗೆ ಆಗಿದ್ರೆ ಬರೀರಿ. ಹೆಸರು, ಊರು ಬೇಡ. ಕೇಳಿದ ರೇಟು ಎಷ್ಟು, ಬಂದ ರೇಟು ಎಷ್ಟು, ಏನು ಕಾರಣ ಹೇಳಿದ್ರು, ಇಷ್ಟು ಬರೆದ್ರೆ ಸಾಕು. ಶಿಬಿರಕ್ಕೆ ಕೈ ಜೋಡಿಸೋರು ಇನ್‌ಬಾಕ್ಸ್‌ಗೆ ಬನ್ನಿ.

ಜೈಭೀಮ್.